ಮಗನಿಗೆ ಗೇಮಿಂಗ್ ಮಾನಿಟರ್ ಬೇಕಂತೆ ಮಾಷ್ಟ್ರೇ!

ರಕ್ಷಕ-ಶಿಕ್ಷಕ ಸಂಘದ ಸಭೆ ಮುಗಿದು ಚಹಾ ಕುಡಿಯುತ್ತಿದ್ದೆವು. ಹತ್ತನೆಯ ತರಗತಿಯ ಹುಡುಗನೊಬ್ಬನ ತಾಯಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಮಾಷ್ಟ್ರೇ, ಒಂದು ಕೇಳ್ಲಿಕ್ಕುಂಟು" ಎಂದರು. ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಜಾಹೀರಾತಿನ ಕಾಗದ. "ಮಗನಿಗೆ ಗೇಮಿಂಗ್ ಮಾನಿಟರ್ ಬೇಕಂತೆ. ಸಿಪಿಯು ಅವನ ಮಾವ ಬೆಂಗಳೂರಿನಿಂದ ಬರುವಾಗ ತಂದು ಕೊಟ್ಟದ್ದು ಉಂಟು. ಹಣ ಅವನಪ್ಪ ಗಲ್ಫಿನಿಂದ ಕಳಿಸ್ತೇನೆ ಹೇಳಿದ್ದಾರೆ. ಗೇಮೂ ಆಗ್ಬೇಕು, ನಮಗೆ ಸಿನಿಮಾ ನೋಡ್ಲಿಕ್ಕೂ ಆಗ್ಬೇಕು. ಯಾವುದು ತೆಗೆಯುವುದು?"

ನಾವು ಏನು ಹೇಳಿದೆವು ಗೊತ್ತೇ? "ಹತ್ತನೇ ಕ್ಲಾಸಿನವನಿಗೆ ಎಂಥ ಗೇಮು? ಮೊದಲು ಓದಲಿ ಅಮ್ಮ." ಸ್ಟಾಫ್ ರೂಮಿನಲ್ಲಿದ್ದವರೆಲ್ಲ ನಕ್ಕರು. ಆ ತಾಯಿಯೂ ನಕ್ಕು, ಕಾಗದವನ್ನು ಮತ್ತೆ ಮಡಚಿ ಹೊರಟು ಹೋದರು. ದೊಡ್ಡ ಉಪದೇಶ ಮಾಡಿದ ಸಮಾಧಾನದಲ್ಲಿ ನಾವು ಚಹಾ ಮುಗಿಸಿದೆವು.

ಎರಡು ತಿಂಗಳ ನಂತರ ಎಸ್ಸೆಸ್ಸೆಲ್ಸಿ ಮಕ್ಕಳ ಮನೆಭೇಟಿಗೆ ಹೋದಾಗ ಅದೇ ಮನೆಗೂ ಹೋದೆವು. ಹುಡುಗನ ಕೋಣೆಯಲ್ಲಿ 27 ಇಂಚಿನ, ಬಿಲ್ಲಿನಂತೆ ಬಾಗಿದ ದೊಡ್ಡ ಪರದೆ. ಬೆನ್ನಿನಲ್ಲಿ ಕೆಂಪು ದೀಪ. ಕಂತಿನಲ್ಲಿ ತೆಗೆದದ್ದಂತೆ. ಪರದೆಯ ಮೇಲೆ ಆಟ ಇರಲಿಲ್ಲ. ಸಮಾಜ ವಿಜ್ಞಾನದ ಪಾಠಪುಸ್ತಕದ ಪಿಡಿಎಫ್ ಇತ್ತು. ನಮಗೆ ಖುಷಿಯಾಯಿತು. ಹತ್ತಿರ ಹೋಗಿ ನೋಡಿದರೆ... ಪುಸ್ತಕ ನಮ್ಮದೇ, ಆದರೆ ಇಂಗ್ಲಿಷ್ ಮಾಧ್ಯಮದ್ದು!

"ಇದ್ಯಾಕೋ ಇಂಗ್ಲಿಷ್?" ಎಂದು ಕೇಳಿದೆವು.

"ಕನ್ನಡದ್ದು ಸರಿ ಕಾಣುದಿಲ್ಲ ಸರ್. ಒತ್ತಕ್ಷರ ಎಲ್ಲ ಕಲಸಿದ ಹಾಗೆ ಕಾಣ್ತದೆ. ಇಂಗ್ಲಿಷ್‌ದು ಕ್ಲಿಯರ್ ಉಂಟು."

ಈ ಮಾತು ನಮಗೆ ನಾಟಿತು. ಕೇರಳ ಸರಕಾರ ಒಂದೇ ಪಾಠಪುಸ್ತಕವನ್ನು ಮಲಯಾಳ, ಇಂಗ್ಲಿಷ್, ಕನ್ನಡ, ತಮಿಳಿನಲ್ಲಿ ಕೊಡುತ್ತದೆ. ಕಾಸರಗೋಡಿನ ನಾವು ಕನ್ನಡದ ಪುಸ್ತಕ ತಡವಾಯಿತು, ಅಧ್ಯಾಪಕರ ಹುದ್ದೆ ಖಾಲಿ ಉಂಟು ಎಂದು ವರ್ಷವಿಡೀ ಮನವಿ ಕೊಡುತ್ತಾ ಇರುತ್ತೇವೆ. ಇಲ್ಲಿ ಯಾವ ಆದೇಶವೂ ಇಲ್ಲದೆ, ಯಾವ ಅಧಿಕಾರಿಯೂ ಹೇಳದೆ, ಒಬ್ಬ ಹುಡುಗ ಕನ್ನಡ ಪುಸ್ತಕವನ್ನು ಬದಿಗೆ ಸರಿಸಿದ್ದಾನೆ. ಪರೀಕ್ಷೆ ಬರೆಯುವುದು ಮಾತ್ರ ಕನ್ನಡದಲ್ಲಿ! ತಪ್ಪು ಹುಡುಗನದ್ದಲ್ಲ, ತಾಯಿಯದ್ದೂ ಅಲ್ಲ. ಕೇಳಿದಾಗ ಉತ್ತರ ಕೊಡದೆ ನಗಾಡಿ ಕಳಿಸಿದವರು ನಾವು. ಆದ್ದರಿಂದ ಆ ದಿನ ಹೇಳಬೇಕಾಗಿದ್ದುದನ್ನು ಈಗ ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಕನ್ನಡ ಓದಲಿಕ್ಕೆ ಒಳ್ಳೆಯದಾದ ಮಾನಿಟರನ್ನು ತೆಗೆಯಿರಿ. ನಮ್ಮ ಮನೆಗಳ ಆಟಕ್ಕೂ ಸಿನಿಮಾಕ್ಕೂ ಅದು ಧಾರಾಳ ಸಾಕು. ಆಟಕ್ಕೆಂದೇ ಕಣ್ಣು ಮುಚ್ಚಿ ತೆಗೆದದ್ದು ಓದಿಗೆ ಆಗದೆ ಹೋಗಬಹುದು. ಯಾಕೆ ಎಂದು ಒಂದೊಂದಾಗಿ ನೋಡೋಣ.

ದೊಡ್ಡದೆಲ್ಲ ಒಳ್ಳೆಯದಲ್ಲ

ಮಾನಿಟರಿನ ಚಿತ್ರ ಎಂದರೆ ಚುಕ್ಕಿಗಳ ರಂಗೋಲಿ. ಫುಲ್ ಎಚ್‌ಡಿ ಎಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿ. ಒಟ್ಟು ಸುಮಾರು 20.7 ಲಕ್ಷ. ಪರದೆ 24 ಇಂಚಿನದ್ದಾದರೂ ಅಷ್ಟೇ ಚುಕ್ಕಿ, 27 ಇಂಚಿನದ್ದಾದರೂ ಅಷ್ಟೇ ಚುಕ್ಕಿ. 24 ಇಂಚಿನಲ್ಲಿ ಒಂದು ಇಂಚಿಗೆ ಸುಮಾರು 92 ಚುಕ್ಕಿ ಬೀಳುತ್ತದೆ, 27 ಇಂಚಿನಲ್ಲಿ ಸುಮಾರು 82 ಮಾತ್ರ. ಅದೇ ಹಿಟ್ಟಿನಲ್ಲಿ ದೊಡ್ಡ ದೋಸೆ ಹೊಯ್ದರೆ ದೋಸೆ ತೆಳುವಾಗುತ್ತದಲ್ಲ, ಹಾಗೆ. ಅಂಗಡಿಯವರು ಹಿಟ್ಟಿನ ಲೆಕ್ಕ ಹೇಳುವುದಿಲ್ಲ, ಕಾವಲಿಯ ಅಗಲ ಮಾತ್ರ ಹೇಳುತ್ತಾರೆ.

ಇಂಗ್ಲಿಷ್ ಅಕ್ಷರಕ್ಕೆ ಇದು ಅಷ್ಟು ತಾಗುವುದಿಲ್ಲ. ನಮ್ಮ ಅಕ್ಷರಕ್ಕೆ ತಾಗುತ್ತದೆ. "ವೈಶಿಷ್ಟ್ಯ", "ಸ್ವಾತಂತ್ರ್ಯ" ಎಂಬ ಶಬ್ದಗಳನ್ನು ನೋಡಿ. ಒಂದೇ ಅಕ್ಷರದ ಕೆಳಗೆ ಎರಡೆರಡು ಒತ್ತು! ಆ ಒತ್ತುಗಳಿಗೆ ಸಿಗುವ ಜಾಗ ತಲೆಯ ಅಕ್ಷರದ ಅರ್ಧದಷ್ಟೂ ಇಲ್ಲ. "ದನ" ಮತ್ತು "ಧನ" ಇವೆರಡರ ನಡುವೆ ಇರುವುದು ಒಂದು ಸಣ್ಣ ಸೀಳು. ಚುಕ್ಕಿ ಕಡಿಮೆಯಾದಾಗ ಮೊದಲು ಮಾಯವಾಗುವುದು ಆ ಸೀಳೇ. ದನ ಯಾವುದು, ಧನ ಯಾವುದು ಎಂದು ಸಂದರ್ಭ ನೋಡಿ ಊಹಿಸಬೇಕು. ಹತ್ತು ನಿಮಿಷ ಊಹಿಸಿ ಓದಿದ ಮಗು ಹನ್ನೊಂದನೆಯ ನಿಮಿಷಕ್ಕೆ ಬೇರೆ ಭಾಷೆಗೆ ಹೋಗುತ್ತದೆ. ಅದರಲ್ಲಿ ಆಶ್ಚರ್ಯ ಏನುಂಟು?

ಹಾಗಾಗಿ ಫುಲ್ ಎಚ್‌ಡಿ ಆದರೆ 24 ಇಂಚಿನ ಮೇಲೆ ಹೋಗಬೇಡಿ. 27 ಇಂಚು ಬೇಕೇ ಬೇಕು ಎಂದಾದರೆ 2560 x 1440 ಚುಕ್ಕಿಗಳದ್ದು ತೆಗೆಯಿರಿ. ಅದರಲ್ಲಿ ಇಂಚಿಗೆ ಸುಮಾರು 109 ಚುಕ್ಕಿ, ಕನ್ನಡ ಚಂದ ಕಾಣುತ್ತದೆ. ಆದರೆ ಬೆಲೆ ಹೆಚ್ಚು. ಮಾತ್ರವಲ್ಲ, ಒಟ್ಟು ಚುಕ್ಕಿಗಳ ಲೆಕ್ಕ ಸುಮಾರು 37 ಲಕ್ಷಕ್ಕೆ ಏರುವುದರಿಂದ ಆಟ ಆಡುವಾಗ ಸಿಪಿಯುವಿಗೆ ಕೆಲಸವೂ ಹೆಚ್ಚು. 4ಕೆ ಎಂದರೆ 83 ಲಕ್ಷ ಚುಕ್ಕಿ. ಮಾವ ಕೊಟ್ಟ ಹಳೆಯ ಸಿಪಿಯುವಿನ ಬೆನ್ನ ಮೇಲೆ ಅಷ್ಟು ಹೊರೆ ಹಾಕುವುದು ಬೇಡ.

ಇನ್ನು ಕೆಲವು ಮನೆಗಳಲ್ಲಿ 32 ಇಂಚಿನ ಟಿವಿಯನ್ನೇ ಮಾನಿಟರ್ ಮಾಡಿರುತ್ತಾರೆ. ಸಿನಿಮಾಕ್ಕೆ, ದೂರ ಕೂತು ಆಡುವ ಆಟಕ್ಕೆ ತೊಂದರೆ ಇಲ್ಲ. ಆದರೆ ಎಚ್‌ಡಿ ರೆಡಿ ಟಿವಿಯಲ್ಲಿ 1366 x 768 ಚುಕ್ಕಿ ಮಾತ್ರ. ಇಂಚಿಗೆ ಐವತ್ತೂ ಬೀಳುವುದಿಲ್ಲ. ಮೇಜಿನ ಮೇಲೆ ಇಟ್ಟು ಕನ್ನಡ ಓದಲಿಕ್ಕೆ ಹೇಳಿದರೆ ಮಗು ಓಡಿ ಹೋದೀತು!

ಆಟಕ್ಕೆ ಎಷ್ಟು ವೇಗ ಬೇಕು?

ಅಂಗಡಿಯಲ್ಲಿ ಮೊದಲು ಕಿವಿಗೆ ಬೀಳುವ ಶಬ್ದ ಹರ್ಟ್ಸ್. ಒಂದು ಸೆಕೆಂಡಿಗೆ ಪರದೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಎಂಬ ಲೆಕ್ಕ ಅದು. 60 ಹರ್ಟ್ಸ್ ಎಂದರೆ ಒಂದು ಚಿತ್ರ ಸುಮಾರು 16.7 ಮಿಲಿಸೆಕೆಂಡ್ ನಿಲ್ಲುತ್ತದೆ. 100 ಹರ್ಟ್ಸ್‌ನಲ್ಲಿ 10 ಮಿಲಿಸೆಕೆಂಡ್. 144 ಹರ್ಟ್ಸ್‌ನಲ್ಲಿ ಸುಮಾರು 7. ವೇಗ ಹೆಚ್ಚಿದ್ದರೆ ಚಲನೆ ನುಣುಪಾಗಿ ಕಾಣುವುದು ನಿಜ. ಗುಂಡು ಹಾರಿಸುವ ಆಟ, ಕಾರು ಓಡಿಸುವ ಆಟದಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಇದನ್ನು ಸುಳ್ಳು ಎನ್ನುವುದಿಲ್ಲ.

ಆದರೆ ಪ್ರಶ್ನೆ ಏನೆಂದರೆ, ಅಷ್ಟು ಚಿತ್ರಗಳನ್ನು ಕೊಡುವವರು ಯಾರು? ಸಿಪಿಯು ಕೊಡಬೇಕು. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರ ದೊಡ್ಡ ಆಟಗಳಲ್ಲಿ ಸೆಕೆಂಡಿಗೆ 60 ಚಿತ್ರ ಕೊಡಲಿಕ್ಕೂ ಏದುಸಿರು ಬಿಡುತ್ತದೆ. ಅದಕ್ಕೆ 165 ಹರ್ಟ್ಸ್ ಮಾನಿಟರ್ ಜೋಡಿಸುವುದು ಅರ್ಧ ಇಂಚಿನ ಪೈಪಿಗೆ ದೊಡ್ಡ ನಲ್ಲಿ ಇಟ್ಟಂತೆ. ನಲ್ಲಿ ದೊಡ್ಡದಾದ ಮಾತ್ರಕ್ಕೆ ನೀರು ಹೆಚ್ಚು ಬರುವುದಿಲ್ಲ. ಈಗ ಸಾಧಾರಣ ಬೆಲೆಯ ಮಾನಿಟರುಗಳೇ 75 ಅಥವಾ 100 ಹರ್ಟ್ಸ್‌ನಲ್ಲಿ ಬರುತ್ತವೆ. ಮೈನ್‌ಕ್ರಾಫ್ಟಿನಂಥ ಆಟಕ್ಕೆ, ಲಿನಕ್ಸಿನಲ್ಲಿ ಮಕ್ಕಳು ಆಡುವ ಸೂಪರ್‌ಟಕ್ಸ್‌ಕಾರ್ಟಿಗೆ ಅಷ್ಟು ಸಾಕು. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದವರು 144ಕ್ಕೆ ಹೋಗಲಿ, ತಪ್ಪಿಲ್ಲ.

ಇನ್ನೊಂದು "1 ಎಂಎಸ್" ಎಂಬ ಚೀಟಿ. ಚುಕ್ಕಿಯೊಂದು ಬಣ್ಣ ಬದಲಿಸಲು ತೆಗೆದುಕೊಳ್ಳುವ ಸಮಯ ಎಂದು ಹೇಳುತ್ತಾರೆ. ಅಳೆಯುವ ಕ್ರಮ ಒಂದಕ್ಕಿಂತ ಹೆಚ್ಚು ಇವೆ, ಕಂಪೆನಿ ತನಗೆ ಲಾಭದ ಕ್ರಮ ಹಿಡಿದು ಅಂಕೆ ಹಾಕಬಹುದು. ಆ ಚೀಟಿ ನೋಡಿ ಹಣ ಹೆಚ್ಚು ಕೊಡಬೇಡಿ.

ಒಂದು ಕಿವಿಮಾತು. 100 ಹರ್ಟ್ಸ್ ಮಾನಿಟರ್ ತಂದು ಜೋಡಿಸಿದ ಕೂಡಲೇ ಅದು 100ರಲ್ಲಿ ಓಡುತ್ತದೆ ಎಂದೇನಿಲ್ಲ. ಡಿಸ್‌ಪ್ಲೇ ಸೆಟ್ಟಿಂಗ್‌ಗೆ ಹೋಗಿ ನೋಡಿ. ಅನೇಕ ಮನೆಗಳಲ್ಲಿ ಅದು 60ರಲ್ಲೇ ನಿಂತಿರುತ್ತದೆ. ಆ ಹುಡುಗನ ಮನೆಯಲ್ಲೂ ಹಾಗೆಯೇ ಇತ್ತು! ಕಂತು ಕಟ್ಟಿದ್ದು 165ಕ್ಕೆ, ಆಡಿದ್ದು 60ರಲ್ಲಿ. ಅವನಿಗೆ ಅದು ಗೊತ್ತೇ ಇರಲಿಲ್ಲ.

ಸಿನಿಮಾಕ್ಕೆ ಬೇಕಾದದ್ದು ಕಪ್ಪು

ಸಿನಿಮಾ ನೋಡುವವರು ವೇಗದ ಚಿಂತೆ ಮಾಡಬೇಕಿಲ್ಲ. ಸಿನಿಮಾ ಸಾಮಾನ್ಯವಾಗಿ ಸೆಕೆಂಡಿಗೆ 24 ಚಿತ್ರದ್ದು. ಅಲ್ಲಿ ನೋಡಬೇಕಾದ್ದು ಕಪ್ಪು ಎಷ್ಟು ಕಪ್ಪಾಗಿದೆ ಎಂದು. 2022ರ "ಕಾಂತಾರ" ನೆನಪು ಮಾಡಿಕೊಳ್ಳಿ. ರಾತ್ರಿಯ ಕಾಡು, ದೊಂದಿಯ ಬೆಳಕು, ಕೋಲದ ಮುಖವರ್ಣಿಕೆ. ಕಪ್ಪು ಬೂದಿಯಂತೆ ಕಂಡರೆ ಆ ದೃಶ್ಯದ ಅರ್ಧ ಗಾಂಭೀರ್ಯ ಹೋಯಿತು.

ಪರದೆಯ ಒಳಗಿನ ಹಲಗೆಯಲ್ಲಿ ಮುಖ್ಯವಾಗಿ ಮೂರು ಜಾತಿ. ಟಿಎನ್ ಎಂಬುದು ಹಳೆಯದು, ಬದಿಯಿಂದ ನೋಡಿದರೆ ಬಣ್ಣ ಕೆಡುತ್ತದೆ. ಮನೆಮಂದಿ ಸಾಲಾಗಿ ಕೂತು ನೋಡುವ ನಮಗೆ ಅದು ಬೇಡವೇ ಬೇಡ. ಐಪಿಎಸ್‌ನಲ್ಲಿ ಯಾವ ಬದಿಯಿಂದ ನೋಡಿದರೂ ಬಣ್ಣ ಸರಿ, ಅಕ್ಷರವೂ ಸ್ವಚ್ಛ. ಆದರೆ ಬಿಳುಪಿಗೂ ಕಪ್ಪಿಗೂ ಇರುವ ಅಂತರ ಸಾಮಾನ್ಯವಾಗಿ 1000ಕ್ಕೆ 1. ಹಾಗಾಗಿ ಕಪ್ಪು ಸ್ವಲ್ಪ ಬೂದು. ವಿಎ ಎಂಬುದರಲ್ಲಿ ಅದು 3000ಕ್ಕೆ 1 ಅಥವಾ ಅದಕ್ಕೂ ಹೆಚ್ಚು, ಕಪ್ಪು ಚೆನ್ನಾಗಿರುತ್ತದೆ. ಆದರೆ ಕಡಿಮೆ ಬೆಲೆಯ ವಿಎ ಪರದೆಗಳಲ್ಲಿ ಕತ್ತಲೆಯ ದೃಶ್ಯ ಬೇಗ ಓಡಿದಾಗ ಹಿಂದಿನಿಂದ ಮಸಿ ಎಳೆದಂತೆ ಕಾಣುತ್ತದೆ. ಬಾಗಿದ ಮಾನಿಟರುಗಳಲ್ಲಿ ಹೆಚ್ಚಿನವು ವಿಎ. ಬಾಗು ಇರುವುದು ನಡುವೆ ಕೂತ ಒಬ್ಬನಿಗಾಗಿ. ಬದಿಯಲ್ಲಿ ಕೂತ ಅಜ್ಜಿಗಲ್ಲ.

ಒಬ್ಬರೇ ಕತ್ತಲಲ್ಲಿ ಸಿನಿಮಾ ನೋಡುವವರಿಗೆ ವಿಎ ಹಿಡಿಸಬಹುದು. ಓದು, ಆಟ, ಮನೆಮಂದಿಯ ಸಿನಿಮಾ ಮೂರೂ ಆಗಬೇಕಾದ ಮನೆಗೆ ಐಪಿಎಸ್ ಎಂಬುದು ನಮ್ಮ ಸಲಹೆ. ಹಿಂದಿನಿಂದ ಒಂದು ಸಣ್ಣ ದೀಪ ಉರಿಸಿಟ್ಟು ನೋಡಿದರೆ ಬೂದು ಕಪ್ಪೂ ಕಪ್ಪಾಗಿಯೇ ಕಾಣುತ್ತದೆ. ಕಣ್ಣಿಗೂ ಹಿತ.

ಸಿನಿಮಾ ಹಾಕಿದಾಗ ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತದಲ್ಲ, ಅದು ಮಾನಿಟರಿನ ದೋಷ ಅಲ್ಲ. ಮಾನಿಟರಿನ ಆಕಾರ 16:9, ಅನೇಕ ಸಿನಿಮಾಗಳದ್ದು 2.39:1. ಅಂಥ ಸಿನಿಮಾ ಹಾಕಿದಾಗ ಪರದೆಯ ಎತ್ತರದ ಕಾಲು ಭಾಗ ಖಾಲಿ ಉಳಿಯುತ್ತದೆ. ಪಟ್ಟಿ ಕಂಡು ಎಳೆದು ಹಿಗ್ಗಿಸಬೇಡಿ, ನಾಯಕನ ಮುಖ ಉದ್ದವಾದೀತು. "ಎಚ್‌ಡಿಆರ್" ಎಂದು ಬರೆದಿದ್ದರೂ ಸಾಧಾರಣ ಬೆಲೆಯ ಮಾನಿಟರಿಗೆ ಅದನ್ನು ತೋರಿಸುವಷ್ಟು ಬೆಳಕಿನ ಶಕ್ತಿ ಇರುವುದಿಲ್ಲ. ಮತ್ತೆ ಧ್ವನಿ! ಅನೇಕ ಮಾನಿಟರುಗಳಿಗೆ ಸ್ಪೀಕರೇ ಇಲ್ಲ, ಇದ್ದರೂ ಸೊಳ್ಳೆಯ ದನಿ. ಐನೂರು ಸಾವಿರದ ಸ್ಪೀಕರಿಗೆ ಮೊದಲೇ ಹಣ ಎತ್ತಿಡಿ.

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ

ಅಂಗಡಿಯಲ್ಲಿ ಮಾನಿಟರ್ ಹಚ್ಚಿದರೆ ಸಮುದ್ರ, ಹೂವು, ಗಿಳಿ ತೋರಿಸುತ್ತಾರೆ. ಗಿಳಿ ಎಲ್ಲ ಮಾನಿಟರಿನಲ್ಲೂ ಚಂದ. ನೀವು ಹೋಗುವಾಗ ಪೆನ್‌ಡ್ರೈವಿನಲ್ಲಿ ಕನ್ನಡ ಪಾಠಪುಸ್ತಕದ ಒಂದು ಪಿಡಿಎಫ್, ಕತ್ತಲೆಯ ದೃಶ್ಯ ಇರುವ ಒಂದು ವಿಡಿಯೋ ಹಾಕಿಕೊಂಡು ಹೋಗಿ. ಪುಟ ಪೂರ್ತಿ ಕಾಣುವಂತೆ ಇಟ್ಟು, ಒಂದು ಮೊಳ ದೂರದಿಂದ ಮಗುವಿನಿಂದಲೇ ಓದಿಸಿ. ಒತ್ತು ಕಾಣುತ್ತದೆಯೇ? ಧ ದ ಆಗುತ್ತದೆಯೇ? ಬದಿಗೆ ಸರಿದು ನಿಂತು ನೋಡಿ, ಬಣ್ಣ ಬದಲಾಯಿತೇ? ಪರದೆ ಪೂರ್ತಿ ಬಿಳಿ ಮಾಡಿಸಿ, ಸತ್ತ ಚುಕ್ಕಿ ಉಂಟೇ ನೋಡಿ. ಹತ್ತು ನಿಮಿಷ ಸಾಕು. ತೋರಿಸುವುದಿಲ್ಲ ಎನ್ನುವ ಅಂಗಡಿಗೆ ನಮಸ್ಕಾರ ಹೇಳಿ ಹೊರಗೆ ಬನ್ನಿ.

ಸಿಪಿಯುವಿನ ಹಿಂದೆ ಯಾವ ಪೋರ್ಟ್ ಉಂಟೆಂದು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಹೋಗಿ. ಹಳೆಯ ಸಿಪಿಯುವಿನಲ್ಲಿ ವಿಜಿಎ ಮಾತ್ರ ಇದ್ದು, ಹೊಸ ಮಾನಿಟರಿನಲ್ಲಿ ಎಚ್‌ಡಿಎಂಐ ಮಾತ್ರ ಇದ್ದರೆ ನಡುವೆ ಪರಿವರ್ತಕ ಬೇಕಾಗುತ್ತದೆ. ಮಂಗಳೂರಿನಿಂದ ತರುವುದೋ ಕಾಸರಗೋಡಿನಿಂದ ತರುವುದೋ ಎಂಬುದು ನಿಮಗೆ ಬಿಟ್ಟದ್ದು. ಹಾಳಾದರೆ ಯಾರು ಬಂದು ನೋಡುತ್ತಾರೆ, ನಾವೇ ಹೊತ್ತುಕೊಂಡು ಹೋಗಬೇಕೇ ಎಂದು ಮಾತ್ರ ಬಿಲ್ ಮಾಡಿಸುವ ಮೊದಲೇ ಕೇಳಿ. 24 ಇಂಚಿನ, ಐಪಿಎಸ್, ಫುಲ್ ಎಚ್‌ಡಿ, 100 ಹರ್ಟ್ಸ್ ಮಾನಿಟರ್ ಈಗ ಹತ್ತು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. ಉಳಿದ ಹಣದಲ್ಲಿ ಯುಪಿಎಸ್ ತೆಗೆಯಿರಿ. ತುಲಾ ತಿಂಗಳ ಸಿಡಿಲು ನಮ್ಮ ಕಡೆ ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ಗುಡುಗು ಶುರುವಾದರೆ ಪ್ಲಗ್ಗೂ ನೆಟ್ ಕೇಬಲ್ಲೂ ಎರಡನ್ನೂ ಎಳೆದಿಡಿ.

"ಮಾಷ್ಟ್ರೇ, ನೀವೇ ಗೇಮಿಗೆ ದಾರಿ ತೋರಿಸ್ತೀರಾ?"

ಹೀಗೆ ಕೇಳುವವರು ಇದ್ದಾರೆ, ನಮ್ಮ ಸ್ಟಾಫ್ ರೂಮಿನಲ್ಲೇ ಇದ್ದಾರೆ. ಅವರ ಆತಂಕ ಸುಳ್ಳಲ್ಲ. ರಾತ್ರಿಯೆಲ್ಲ ಆಡಿ ಬೆಳಿಗ್ಗೆ ಬೆಂಚಿನಲ್ಲಿ ತೂಕಡಿಸುವ ಮಕ್ಕಳನ್ನು ನಾವೂ ಕಂಡಿದ್ದೇವೆ. ಹಣ ಕಟ್ಟಿ ಆಡುವ ಆಟಗಳಿಂದ ಮನೆ ಹಾಳಾಗುತ್ತದೆಂದೇ 2025ರಲ್ಲಿ ಸಂಸತ್ತು ಅವುಗಳನ್ನು ನಿಷೇಧಿಸುವ ಕಾನೂನು ಮಾಡಿತು. ಅಂಥ ಆಟಕ್ಕೆ ನಮ್ಮ ಬೆಂಬಲ ಇಲ್ಲ.

ಆದರೆ ಯೋಚಿಸಿ. ನಾವು ಬೇಡ ಎಂದದ್ದರಿಂದ ಆ ಮನೆಗೆ ಮಾನಿಟರ್ ಬರುವುದು ನಿಂತಿತೇ? ಇಲ್ಲ. ಬಂದದ್ದು ಬಂತು, ನಮ್ಮ ಮಾತಿಲ್ಲದೆ ಬಂತು. ಹಜಾರದಲ್ಲಿ ಇರಬೇಕಾದದ್ದು ಬಾಗಿಲು ಹಾಕಿದ ಕೋಣೆಗೆ ಹೋಯಿತು. ಮಾನಿಟರ್ ಬೇಡ ಎಂದರೆ ಮಗು ಆಟ ಬಿಡುವುದಿಲ್ಲ, ಹೊದಿಕೆಯೊಳಗೆ ಮೊಬೈಲಿನಲ್ಲಿ ಆಡುತ್ತದೆ. ಅಂಗೈಯಗಲದ ಪರದೆಗಿಂತ ಹಜಾರದಲ್ಲಿ ಎಲ್ಲರ ಕಣ್ಣೆದುರಿನ 24 ಇಂಚು ಎಷ್ಟೋ ವಾಸಿ.

2020ರ ಜೂನ್ 1ರಂದು ವಿಕ್ಟರ್ಸ್ ಚಾನೆಲಿನಲ್ಲಿ ಫಸ್ಟ್ ಬೆಲ್ ಶುರುವಾದಾಗ ನಮ್ಮ ಮಕ್ಕಳು ಪಾಠ ಕೇಳಿದ್ದು ಹೇಗೆ ಎಂಬುದನ್ನು ಮರೆತಿದ್ದೀರಾ? ಒಂದು ಮೊಬೈಲಿಗೆ ಮೂರು ಮಕ್ಕಳ ತಲೆ. ಅಂದು ಒಂದು ಒಳ್ಳೆಯ ಪರದೆ ಇದ್ದಿದ್ದರೆ ಎಂದು ಹಪಹಪಿಸಿದವರು ನಾವೇ. ಐಟಿ ಪರೀಕ್ಷೆಯೂ ಎಸ್ಸೆಸ್ಸೆಲ್ಸಿಯ ಒಂದು ಭಾಗ. ಲಿಟಲ್ ಕೈಟ್ಸ್‌ನಲ್ಲಿ ಮಕ್ಕಳು ಆಟ ಆಡುವುದಷ್ಟೇ ಅಲ್ಲ, ಆಟ ಮಾಡಲಿಕ್ಕೂ ಕಲಿಯುತ್ತಾರೆ. ಮನೆಯ ಪರದೆ ಶಾಲೆಯ ಶತ್ರು ಎಂದು ಎಷ್ಟು ದಿನ ಹೇಳುವುದು?

ನಮ್ಮ ಮಕ್ಕಳು ಆಡುವ ಆಟಗಳಲ್ಲಿ ಕನ್ನಡ ಕಾಣುವುದೇ ಅಪರೂಪ. ಸಿನಿಮಾ ಮಲಯಾಳದ್ದು, ಹಿಂದಿಯದ್ದು, ಇಂಗ್ಲಿಷಿನದ್ದು ಎಲ್ಲ ಉಂಟು, ಕನ್ನಡದ್ದೂ ಉಂಟು. ನಮ್ಮದೇ ಕಥೆಯಂತಿದ್ದ "ಸರಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು" 2018ರಲ್ಲಿ ಬಂದಾಗ ಎಷ್ಟು ಹೆಮ್ಮೆಪಟ್ಟೆವು! ಶಾಲೆ ಮುಚ್ಚುತ್ತಾರೆಂದು ಆ ಸಿನಿಮಾದ ಮಕ್ಕಳು ಹೋರಾಡಿದರು. ಶಾಲೆ ಮುಚ್ಚಿದರೆ ಎಲ್ಲರ ಕಣ್ಣಿಗೂ ಬೀಳುತ್ತದೆ, ಪತ್ರಿಕೆಯಲ್ಲಿ ಬರುತ್ತದೆ. ಮನೆಯ ಪರದೆಯಲ್ಲಿ ಒತ್ತಕ್ಷರ ಕಾಣದೆ ಒಬ್ಬ ಹುಡುಗ ಕನ್ನಡ ಪುಟ ಮುಚ್ಚಿದರೆ? ಅದು ಯಾರಿಗೂ ಕಾಣುವುದಿಲ್ಲ.

ಆ ಹುಡುಗನ ಮಾನಿಟರ್ ಏನಾಯಿತು ಎನ್ನುತ್ತೀರಾ? ಹಿಂದೆ ಕೊಡುವ ದಿನ ಕಳೆದಿತ್ತು. ನಮ್ಮ ಐಟಿ ಅಧ್ಯಾಪಕರು ಮರುದಿನ ಹೋಗಿ "ಗೇಮ್ ಮೋಡ್" ತೆಗೆದು, ಅತಿಯಾಗಿ ಏರಿಸಿದ್ದ ಶಾರ್ಪ್‌ನೆಸ್ ಇಳಿಸಿ, ಅಕ್ಷರದ ಅಂಚು ಸರಿಪಡಿಸುವ ಕ್ಲಿಯರ್‌ಟೈಪ್ ಹೊಂದಿಸಿ, ಪುಟವನ್ನು 150 ಶೇಕಡಾಕ್ಕೆ ಹಿಗ್ಗಿಸಿ ಕೊಟ್ಟರು. ಮಾನಿಟರನ್ನು ಅರ್ಧ ಅಡಿ ಹಿಂದೆ ತಳ್ಳಿದರು. ಹೋಗುವಾಗ ಹರ್ಟ್ಸನ್ನೂ 165ಕ್ಕೆ ಏರಿಸಿ ಕೊಟ್ಟದ್ದರಿಂದ ಹುಡುಗನಿಗೆ ಅವರು ದೇವರಾಗಿಬಿಟ್ಟರು! ಪೂರ್ತಿ ಸರಿಯಾಗಲಿಲ್ಲ, ಆದರೆ ಒತ್ತು ಒತ್ತಾಗಿ ಕಾಣುತ್ತದೆ. ಕಳೆದ ವಾರ ಕೇಳಿದಾಗ, "ಈಗ ಕನ್ನಡದ್ದೇ ಓದ್ತೇನೆ ಸರ್" ಎಂದ. ಪರೀಕ್ಷೆ ಹತ್ತಿರ ಬಂದ ಮೇಲೆ ಹೇಳಿದ ಮಾತು, ನಂಬುತ್ತೇವೆ.

ಶಾಲೆಗಳ ಬಳಗಕ್ಕೆ ನಮ್ಮ ಕೋರಿಕೆ ಇಷ್ಟೇ. ಮುಂದಿನ ರಕ್ಷಕರ ಸಭೆಯ ದಿನ ಅರ್ಧ ಗಂಟೆ ಕಂಪ್ಯೂಟರ್ ಲ್ಯಾಬಿನ ಬಾಗಿಲು ತೆರೆದಿಡಿ. ಒಂದೇ ಕನ್ನಡ ಪುಟವನ್ನು ಎರಡು ಬಗೆಯ ಪರದೆಯಲ್ಲಿ ತೋರಿಸಿ. ಯಾವುದು ತೆಗೆಯಬೇಕು, ಯಾವುದು ಬೇಡ ಎಂದು ಹೇಳಿ. ತಾಯಂದಿರಿಗೆ ಅರ್ಥವಾಗುತ್ತದೆ, ಅಂಗಡಿಯವರಿಗಿಂತ ನಮ್ಮ ಮಾತು ಅವರಿಗೆ ಹೆಚ್ಚು. ಆ ನಂಬಿಕೆಯಿಂದಲೇ ತಾನೆ ಜಾಹೀರಾತಿನ ಕಾಗದ ಹಿಡಿದುಕೊಂಡು ಸ್ಟಾಫ್ ರೂಮಿನ ಬಾಗಿಲಿಗೆ ಬರುವುದು?

ಇನ್ನೊಮ್ಮೆ ಯಾರಾದರೂ ಬಂದರೆ ನಾವು ನಗುವುದಿಲ್ಲ. ಕುರ್ಚಿ ಕೊಟ್ಟು ಕೂರಿಸಿ ಹೇಳುತ್ತೇವೆ. ನೀವು?